ಶಕುನದ ಇಂಗ್ಲಿಷ್ ಪದಗಳಿಗೆ ಒಂದೇ ಕನ್ನಡ ಅರ್ಥ ಸಾಲದು

ಮಾನ್ಯ ಸಂಪಾದಕರೇ,

ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಸಿದ್ಧರಾಗುತ್ತಿರುವವರಿಗಾಗಿ ಕನ್ನಡ ಪತ್ರಿಕೆಗಳು ಇಂಗ್ಲಿಷ್ ಸಮಾನಾರ್ಥಕ ಪದಗಳ ಪಟ್ಟಿಗಳನ್ನು ಪ್ರಕಟಿಸುತ್ತ ಬಂದಿರುವುದು ನಿಜವಾಗಿಯೂ ಉಪಕಾರದ ಕೆಲಸ. ಕನ್ನಡ ಮಾಧ್ಯಮದಲ್ಲಿ ಓದಿ, ಕೋಚಿಂಗ್ ಸೆಂಟರಿನ ಶುಲ್ಕ ಕಟ್ಟುವ ಶಕ್ತಿಯಿಲ್ಲದೆ, ತಾಲ್ಲೂಕು ಗ್ರಂಥಾಲಯದಲ್ಲಿ ಕುಳಿತು ಓದುವ ಹುಡುಗ ಹುಡುಗಿಯರಿಗೆ ಆ ಪುಟವೇ ಮೇಷ್ಟರು. ಅವರು ಅದನ್ನು ಎಷ್ಟು ನಂಬಿಕೆಯಿಂದ ಓದುತ್ತಾರೆಂಬುದನ್ನು ಇಂಗ್ಲಿಷ್ ಅಧ್ಯಾಪಕನಾಗಿ ಕಂಡಿದ್ದೇನೆ. ಆದ್ದರಿಂದಲೇ ಈ ಪತ್ರ ಬರೆಯುತ್ತಿದ್ದೇನೆ. ಓಮೆನ್, ಪೋರ್ಟೆಂಟ್, ಆಗ್ಯುರಿ, ಹಾರ್ಬಿಂಜರ್, ಫೋರ್‌ಬೋಡಿಂಗ್, ಪ್ರೆಮನಿಷನ್, ಸಿನಿಸ್ಟರ್ ಎಂಬ ಪದಗಳನ್ನೆಲ್ಲ ಒಂದೇ ಸಾಲಿನಲ್ಲಿ ನಿಲ್ಲಿಸಿ, ಎದುರಿಗೆ ‘ಅಪಶಕುನ’ ಎಂಬ ಒಂದೇ ಅರ್ಥವನ್ನು ಬರೆದ ಪಟ್ಟಿಗಳು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತಿವೆ. ಇದೇ ಅಭ್ಯಾಸ ಅನುವಾದಿತ ಸುದ್ದಿಗಳಿಗೂ ಹರಡಿದೆ. ಹಿಮನದಿ ಕರಗುವುದೂ ಅಪಶಕುನ, ಬ್ಯಾಂಕಿನ ವಸೂಲಾಗದ ಸಾಲ ಏರುವುದೂ ಅಪಶಕುನ, ಗಡಿಯಲ್ಲಿ ಸೈನ್ಯ ಜಮಾಯಿಸುವುದೂ ಅಪಶಕುನ ಎಂದಾಗಿಬಿಟ್ಟಿದೆ.

ಈ ಪದಗಳು ಒಂದೇ ಸಂಗತಿಯನ್ನು ಹೇಳುವುದಿಲ್ಲ. ಕೆಲವು ಹೊರಗೆ ಕಂಡ ಅಥವಾ ಕೇಳಿದ ಗುರುತನ್ನು ಹೇಳುತ್ತವೆ. ಕೆಲವು ಕಾರಣ ಗೊತ್ತಿಲ್ಲದೆ ಮನಸ್ಸಿನೊಳಗೆ ಹುಟ್ಟುವ ಕಳವಳವನ್ನು ಹೇಳುತ್ತವೆ. ಇವೆರಡಕ್ಕೂ ಸೇರದ ಮೂರನೆಯದೊಂದಿದೆ. ಕಾರಣವನ್ನು ತೋರಿಸಿ, ಆಧಾರವನ್ನು ಮುಂದಿಟ್ಟು ಕೊಡುವ ಎಚ್ಚರಿಕೆ. ಇಂಗ್ಲಿಷ್ ಈ ಮೂರನ್ನು ಬೇರೆ ಬೇರೆಯಾಗಿ ಇಟ್ಟುಕೊಂಡಿದೆ. ಕನ್ನಡದಲ್ಲೂ ಇವು ಬೇರೆಯಾಗಿಯೇ ಇದ್ದವು, ಈಗಲೂ ಜನರ ಮಾತಿನಲ್ಲಿ ಬೇರೆಯಾಗಿಯೇ ಇವೆ. ಅಚ್ಚಾಗುವ ಕನ್ನಡದಲ್ಲಿ ಮಾತ್ರ ಅವನ್ನು ಕಲಸಿಬಿಡುತ್ತಿದ್ದೇವೆ ಎಂಬುದು ನನ್ನ ತಕರಾರು, ಮತ್ತು ಅದರಿಂದ ಆಗುವ ನಷ್ಟ ಪರೀಕ್ಷೆಯ ಒಂದೆರಡು ಅಂಕಗಳಷ್ಟೇ ಅಲ್ಲವೆಂದು ನಾನು ತಿಳಿದಿದ್ದೇನೆ.

ಮೊದಲು ಹೊರಗಿನ ಗುರುತುಗಳನ್ನು ನೋಡೋಣ. ಇಂಗ್ಲಿಷಿನ ಈ ಪದಗಳಲ್ಲಿ ಬಹುಪಾಲು ಪ್ರಾಚೀನ ರೋಮಿನಿಂದ, ಲ್ಯಾಟಿನ್ ಭಾಷೆಯ ಮೂಲಕ ಬಂದವು. ಶುಭ ಎಂಬ ಅರ್ಥದ ‘ಆಸ್ಪಿಶಸ್’ ಪದವನ್ನು ನಮ್ಮ ಮದುವೆಯ ಇಂಗ್ಲಿಷ್ ಕರೆಯೋಲೆಗಳಲ್ಲೆಲ್ಲ ಕಾಣುತ್ತೇವೆ. ಅದರೊಳಗೆ ಹಕ್ಕಿ ಎಂಬ ಅರ್ಥದ ‘ಆವಿಸ್’ ಮತ್ತು ನೋಡು ಎಂಬ ಅರ್ಥದ ‘ಸ್ಪೆಕೆರೆ’ ಎಂಬ ಎರಡು ಲ್ಯಾಟಿನ್ ಪದಗಳಿವೆ. ಹಕ್ಕಿಯ ಹಾರಾಟವನ್ನು ನೋಡಿ ದೇವತೆಗಳ ಒಪ್ಪಿಗೆಯನ್ನು ತಿಳಿಯುವುದು ಅದರ ಮೂಲಾರ್ಥ. ನಮ್ಮ ‘ಶಕುನ’ ಪದವೂ ಸಂಸ್ಕೃತದಲ್ಲಿ ಮೊದಲು ಹಕ್ಕಿಯ ಹೆಸರೇ. ಅಮರಕೋಶ ಪಕ್ಷಿವಾಚಕಗಳ ಸಾಲಿನಲ್ಲಿ ಶಕುಂತ, ಶಕುನಿ, ಶಕುನ ಎಂಬ ಪದಗಳನ್ನು ಒಟ್ಟಿಗೆ ಕೊಡುತ್ತದೆ. ಹಕ್ಕಿಗಳು ಕಾಪಾಡಿದ ಮಗುವಾದ್ದರಿಂದಲೇ ಶಕುಂತಲೆಗೆ ಆ ಹೆಸರು ಬಂತು. ನಸುಕಿನಲ್ಲಿ ಬುಡಬುಡಿಕೆ ಆಡಿಸುತ್ತ ಬರುವವನು ಇವತ್ತಿಗೂ ಹಾಲಕ್ಕಿ ನುಡಿಯಿತೆಂದೇ ಮಾತು ಆರಂಭಿಸುತ್ತಾನೆ. ಪರಸ್ಪರ ಬಹು ದೂರದ ಎರಡು ನಾಡುಗಳಲ್ಲಿ ಭವಿಷ್ಯವನ್ನು ಹೇಳುವ ಪದ ಹಕ್ಕಿಯಿಂದಲೇ ಹುಟ್ಟಿತೆಂಬುದು, ಪದಗಳ ಚರಿತ್ರೆಯಲ್ಲಿ ನನಗೆ ತಿಳಿದಿರುವ ಅತಿ ಸುಂದರ ಸಂಗತಿಗಳಲ್ಲಿ ಒಂದು. ಕನ್ನಡದ ವಿದ್ಯಾರ್ಥಿಗೆ ಇದನ್ನು ಎರಡು ವಾಕ್ಯಗಳಲ್ಲಿ ಹೇಳಿಬಿಟ್ಟರೆ ಆ ಇಂಗ್ಲಿಷ್ ಪದವನ್ನು ಅವನು ಜನ್ಮದಲ್ಲಿ ಮರೆಯುವುದಿಲ್ಲ.

ರೋಮಿನಲ್ಲಿ ಇದು ಬೀದಿ ಬದಿಯ ಕಣಿ ಹೇಳುವಿಕೆ ಆಗಿರಲಿಲ್ಲ, ರಾಜ್ಯದ ಅಧಿಕೃತ ಕಾರ್ಯವಾಗಿತ್ತು. ಶಕುನ ನೋಡುವ ಈ ವಿದ್ಯೆಯೇ ‘ಆಗ್ಯುರಿ’. ‘ಆಗರ್’ ಎಂದು ಕರೆಸಿಕೊಂಡ ಪುರೋಹಿತರಿಗೆ ಒಂದು ಮಂಡಲಿಯಿತ್ತು, ಕ್ರಿ.ಪೂ. 300ರಲ್ಲಿ ಅದರ ಸದಸ್ಯರ ಸಂಖ್ಯೆ ಒಂಬತ್ತಕ್ಕೆ ಏರಿತು. ತುದಿ ಬಾಗಿದ ಕೋಲಿನಿಂದ ಆಗರ್ ಆಕಾಶದಲ್ಲಿ ಒಂದು ಕ್ಷೇತ್ರವನ್ನು ಗುರುತಿಸಿಕೊಂಡು, ಅದರೊಳಗೆ ಹಕ್ಕಿ ಯಾವ ದಿಕ್ಕಿನಿಂದ ಬಂತು, ಕೂಗಿತೇ ಇಲ್ಲವೇ ಎಂಬುದನ್ನು ಗಮನಿಸುತ್ತಿದ್ದ. ಹೀಗೆ ಗುರುತಿಸಿದ ಕ್ಷೇತ್ರದ ಲ್ಯಾಟಿನ್ ಹೆಸರಿನಿಂದಲೇ ಇಂಗ್ಲಿಷಿನ ‘ಟೆಂಪಲ್’ ಬಂತು, ನೆಟ್ಟ ನೋಟದ ಚಿಂತನೆಯನ್ನು ಹೇಳುವ ‘ಕಾಂಟೆಂಪ್ಲೇಟ್’ ಕೂಡ ಬಂತು. ಆಗರ್ ಶಕುನ ನೋಡಿ ಒಪ್ಪಿದ ಮೇಲೆ ನಡೆಯುವ ಪ್ರತಿಷ್ಠಾಪನೆ ‘ಇನಾಗುರೇಷನ್’ ಆಯಿತು. ಪಂಚಾಯಿತಿ ಕಟ್ಟಡದಿಂದ ವಿಮಾನ ನಿಲ್ದಾಣದವರೆಗೆ ನಮ್ಮ ಊರುಗಳ ಉದ್ಘಾಟನಾ ಫಲಕಗಳಲ್ಲಿ ಆ ಪದ ಕೆತ್ತಿಸಿಕೊಂಡು ಕುಳಿತಿದೆ. ಅದರೊಳಗಿನ ಹಕ್ಕಿಯನ್ನು ಇಂಗ್ಲಿಷರೂ ಮರೆತಿದ್ದಾರೆ, ನಾವೂ ಕಂಡಿಲ್ಲ.

ಯುದ್ಧಕ್ಕೆ ಹೊರಟ ಸೇನಾಪತಿಗಳು ಪಂಜರದಲ್ಲಿ ಪವಿತ್ರ ಕೋಳಿಗಳನ್ನು ಒಯ್ಯುತ್ತಿದ್ದರು. ಕೋಳಿ ಆತುರದಿಂದ ಕಾಳು ತಿಂದರೆ ಶುಭ, ಮುಖ ತಿರುಗಿಸಿದರೆ ಅಶುಭ. ಕ್ರಿ.ಪೂ. 249ರಲ್ಲಿ ಸಿಸಿಲಿಯ ಡ್ರೆಪಾನದ ಬಳಿ ಪಬ್ಲಿಯಸ್ ಕ್ಲಾಡಿಯಸ್ ಪುಲ್ಕರ್ ಎಂಬ ಸೇನಾಪತಿ, ಕೋಳಿಗಳು ತಿನ್ನದಿದ್ದಾಗ ಸಿಟ್ಟಾಗಿ, ತಿನ್ನದಿದ್ದರೆ ಕುಡಿಯಲಿ ಎಂದು ಅವನ್ನು ಸಮುದ್ರಕ್ಕೆ ಎಸೆಸಿದನೆಂದು ರೋಮನ್ನರು ಹೇಳಿಕೊಂಡು ಬಂದರು. ಆ ಕದನದಲ್ಲಿ ರೋಮ್ 90ಕ್ಕೂ ಹೆಚ್ಚು ಹಡಗುಗಳನ್ನು ಕಳೆದುಕೊಂಡಿತು, ಪುಲ್ಕರ್ ವಿಚಾರಣೆಗೆ ಒಳಗಾಗಿ ದಂಡ ತೆತ್ತ. ಸೋತ ಕಾರಣ ಕೋಳಿಯೋ ತಂತ್ರವೋ ಎಂಬ ಪ್ರಶ್ನೆಯನ್ನು ಇತಿಹಾಸಕಾರರಿಗೆ ಬಿಡೋಣ. ಇಂಗ್ಲಿಷಿನಲ್ಲಿ ಇಂದು ‘ಆಗರ್’ ಎಂಬುದು ಮುಂದಾಗುವುದನ್ನು ಸೂಚಿಸು ಎಂಬ ಅರ್ಥದ ಕ್ರಿಯಾಪದವಾಗಿ ಉಳಿದಿದೆ, ಮತ್ತು ಅದು ಒಳಿತಿಗೂ ಕೆಡುಕಿಗೂ ಸಮಾನವಾಗಿ ಸಲ್ಲುತ್ತದೆ ಎಂಬುದು ವಿದ್ಯಾರ್ಥಿ ತಿಳಿಯಬೇಕಾದ ವಿಷಯ. ಮುಂಗಾರಿನ ಮೊದಲ ಮಳೆ ಬೆಳೆಗೆ ಒಳ್ಳೆಯದನ್ನು ‘ಆಗರ್’ ಮಾಡಬಹುದು. ಅದಕ್ಕೆ ‘ಅಪಶಕುನ’ ಎಂದು ಅರ್ಥ ಬರೆದುಕೊಟ್ಟರೆ ಆ ವಾಕ್ಯವನ್ನು ಅವನು ಹೇಗೆ ಓದಬೇಕು?

‘ಓಮೆನ್’ ಕೂಡ ಹೀಗೆಯೇ ಎರಡೂ ಕಡೆ ತೂಗುವ ಪದ; ಅದಕ್ಕೆ ಸರಿಸಮನಾದದ್ದು ಬರಿಯ ‘ಶಕುನ’. ರೋಮನ್ನರು ಅದನ್ನು ವಿಶೇಷವಾಗಿ ಕಿವಿಗೆ ಬಿದ್ದ ಆಕಸ್ಮಿಕ ಮಾತಿಗೆ ಬಳಸುತ್ತಿದ್ದರು. ಮ್ಯಾಸಿಡೋನಿಯದ ದೊರೆ ಪರ್ಸಿಯಸ್‌ನ ಮೇಲಿನ ಯುದ್ಧದ ಹೊಣೆ ಹೊತ್ತು ಏಮಿಲಿಯಸ್ ಪೌಲಸ್ ಮನೆಗೆ ಬಂದಾಗ, ಅವನ ಪುಟ್ಟ ಮಗಳು ಅಳುತ್ತ ‘ಪರ್ಸ ಸತ್ತುಹೋಯಿತು’ ಎಂದಳು. ಅವಳು ಹೇಳಿದ್ದು ತನ್ನ ನಾಯಿಮರಿಯ ವಿಷಯ. ತಂದೆ ಅವಳನ್ನು ಅಪ್ಪಿಕೊಂಡು ‘ಶಕುನವನ್ನು ಸ್ವೀಕರಿಸಿದೆ’ ಎಂದನಂತೆ, ಕ್ರಿ.ಪೂ. 168ರಲ್ಲಿ ಅವನು ಗೆದ್ದೂ ಗೆದ್ದ. ಇದಕ್ಕೆ ವಿರುದ್ಧವಾದದ್ದು ಇನ್ನೊಬ್ಬ ರೋಮನ್ ಸೇನಾಪತಿ ಕ್ರಾಸಸ್‌ನ ಕಥೆ. ಅವನು ಪೂರ್ವದ ದಂಡಯಾತ್ರೆಗೆ ಹಡಗು ಹತ್ತುವಾಗ ಬಂದರಿನಲ್ಲಿ ಒಬ್ಬ, ಕಾನಸ್ ಎಂಬ ಊರಿನ ಅಂಜೂರವನ್ನು ‘ಕೌನೆಯಾಸ್’ ಎಂದು ಕೂಗಿ ಮಾರುತ್ತಿದ್ದ. ಲ್ಯಾಟಿನ್ ಆಡುಮಾತಿನಲ್ಲಿ ಅದೇ ಕೂಗು ‘ಹುಷಾರು, ಹೋಗಬೇಡ’ ಎಂಬಂತೆಯೂ ಕೇಳಿಸುತ್ತಿತ್ತು. ಕ್ರಾಸಸ್ ಹೋದ, ಕ್ರಿ.ಪೂ. 53ರಲ್ಲಿ ಪಾರ್ಥಿಯನ್ನರ ಕೈಯಲ್ಲಿ ಸೋತು ಸತ್ತ.

ಈ ಬಗೆಯ ಶಕುನ ಕನ್ನಡಿಗರಿಗೆ ಹೊಸದಲ್ಲ. ಹೊರಟವರ ಬೆನ್ನಿಗೆ ಮಗುವೊಂದು ಏನಾದರೂ ಕೆಟ್ಟ ಮಾತು ಆಡಿದರೆ ಅಜ್ಜಿಯರು ತಕ್ಷಣ ‘ಬಿಡ್ತು ಅನ್ನು’ ಎನ್ನುತ್ತಿದ್ದರು, ಮೇಲಿನಿಂದ ಅಸ್ತು ದೇವತೆಗಳು ‘ಅಸ್ತು’ ಎಂದುಬಿಟ್ಟಾರೆಂಬ ಭಯದಿಂದ. ಲ್ಯಾಟಿನ್ನಿನಲ್ಲಿ ಇದಕ್ಕೆ ‘ಆಬ್ಸಿಟ್ ಓಮೆನ್’ ಎನ್ನುತ್ತಿದ್ದರು, ಶಕುನ ದೂರವಿರಲಿ ಎಂದು. ಓದಿದ ಇಂಗ್ಲಿಷರು ಆ ಮಾತನ್ನು ಹಾಗೆಯೇ ಎರವಲು ಪಡೆದರು. ಅಸಹ್ಯ ಎಂಬ ಅರ್ಥದ ಇಂಗ್ಲಿಷಿನ ‘ಅಬಾಮಿನಬಲ್’ ಪದದ ಮೂಲದಲ್ಲೂ ಇದೇ ಭಾವವಿದೆ. ಕೆಟ್ಟ ಶಕುನವೆಂದು ಬೆಚ್ಚಿ ದೂರ ಸರಿಯುವುದು, ಬೇಡವೆಂದು ಪ್ರಾರ್ಥಿಸುವುದು. ಮಧ್ಯಯುಗದಲ್ಲಿ ಅದು ‘ಹೋಮೋ’, ಎಂದರೆ ಮನುಷ್ಯ, ಎಂಬ ಪದದಿಂದ ಹುಟ್ಟಿದ್ದೆಂದು ತಪ್ಪಾಗಿ ತಿಳಿದು, ‘ಅಮಾನುಷ’ ಎಂಬ ಅರ್ಥ ಬರುವಂತೆ ಅದರೊಳಗೆ ಒಂದು ಹ-ಕಾರವನ್ನು ಸೇರಿಸಿ ಬರೆದರು. ಓಮೆನ್‌ನ ಮಗಳಾದ ‘ಆಮಿನಸ್’ ಮಾತ್ರ ತಾಯಿಯ ಹಾಗೆ ಇಬ್ಬಗೆಯದಲ್ಲ, ಅದು ಇಂದು ಕೆಡುಕಿನ ಕಡೆಗೇ ತಿರುಗಿ ನಿಂತಿದೆ. ಒಳ್ಳೆಯ ಓಮೆನ್ ಇರಬಹುದು, ಒಳ್ಳೆಯ ಆಮಿನಸ್ ಮೋಡ ಇರಲಾರದು. ಇಂಥ ವ್ಯತ್ಯಾಸವನ್ನೇ ಪರೀಕ್ಷೆಯವರು ಕೇಳುತ್ತಾರೆ.

ಇಷ್ಟೆಲ್ಲ ಶಕುನ ನೋಡಿದ ರೋಮಿನಲ್ಲಿಯೇ ಅದನ್ನು ಪ್ರಶ್ನಿಸಿದವರೂ ಇದ್ದರು ಎಂಬುದನ್ನು ಹೇಳದೆ ಮುಂದೆ ಹೋಗಲಾರೆ. ರೋಮಿನ ಹೆಸರಾಂತ ವಾಗ್ಮಿ ಸಿಸೆರೊ ಸ್ವತಃ ಆಗರ್‌ಗಳ ಮಂಡಲಿಯ ಸದಸ್ಯ. ಆದರೂ ಕ್ರಿ.ಪೂ. 44ರಲ್ಲಿ ಕಣಿಯ ಕುರಿತು ಬರೆಯುವಾಗ ಅವನು ಕ್ರಾಸಸ್ ಮತ್ತು ಅಂಜೂರದ ಕಥೆಯನ್ನೇ ಎತ್ತಿಕೊಂಡು, ಇದನ್ನು ಒಪ್ಪಿದರೆ ಕಾಲು ಎಡವಿದ್ದನ್ನೂ ಪಾದರಕ್ಷೆಯ ಬಾರು ಕಿತ್ತದ್ದನ್ನೂ ಸೀನಿದ್ದನ್ನೂ ನಾವು ಗಮನಿಸುತ್ತ ಕೂರಬೇಕಾಗುತ್ತದೆ ಎಂದ. ಒಂಟಿ ಸೀನಿಗೆ ನಿಂತು, ಒಂದು ಲೋಟ ನೀರು ಕುಡಿದು ಮತ್ತೆ ಹೊರಡುವ ನಮಗೆ ಆ ಮಾತು ಎರಡು ಸಾವಿರ ವರ್ಷಗಳಷ್ಟು ಹಳೆಯದೆಂದು ಅನ್ನಿಸುವುದೇ ಇಲ್ಲ.

‘ಸಿನಿಸ್ಟರ್’ ಎಂಬ ಪದವನ್ನು ಈ ಪಟ್ಟಿಗೆ ಸೇರಿಸುವುದೇ ತಪ್ಪು. ಲ್ಯಾಟಿನ್ನಿನಲ್ಲಿ ಅದರ ಅರ್ಥ ಎಡ. ರೋಮಿನ ಆಗರ್ ದಕ್ಷಿಣಕ್ಕೆ ಮುಖ ಮಾಡಿ ನಿಂತಾಗ ಸೂರ್ಯ ಹುಟ್ಟುವ ಪೂರ್ವ ಅವನ ಎಡಕ್ಕೆ ಬರುತ್ತಿದ್ದುದರಿಂದ ಎಡವೇ ಶುಭವಾಗಿತ್ತು. ಗ್ರೀಕರು ಉತ್ತರಕ್ಕೆ ಮುಖ ಮಾಡುತ್ತಿದ್ದುದರಿಂದ ಅವರಿಗೆ ಬಲ ಶುಭ, ಎಡ ಅಶುಭ. ಗ್ರೀಕರ ಪ್ರಭಾವ ಬೆಳೆದಂತೆ ಲ್ಯಾಟಿನ್ ಪದವೂ ಪಕ್ಷ ಬದಲಿಸಿತು, ಇಂಗ್ಲಿಷಿಗೆ ಬಂದದ್ದು ಆ ಬದಲಾದ ಅರ್ಥ. ನಮ್ಮಲ್ಲೂ ಎಡದ ವಿಷಯ ನೇರವಾಗಿಲ್ಲ. ಎಡಗಣ್ಣು ಅದುರಿದರೆ ಹೆಂಗಸಿಗೆ ಒಳ್ಳೆಯದು, ಗಂಡಸಿಗೆ ಕೆಟ್ಟದ್ದು ಎನ್ನುತ್ತೇವೆ. ‘ವಾಮ’ ಎಂಬ ಪದಕ್ಕೆ ಎಡ, ಸುಂದರ, ಪ್ರತಿಕೂಲ ಎಂಬ ಮೂರೂ ಅರ್ಥಗಳಿವೆ. ಇಂದಿನ ಇಂಗ್ಲಿಷಿನಲ್ಲಿ ಸಿನಿಸ್ಟರ್ ಎಂಬುದು ಮುಂದಾಗುವುದರ ಗುರುತಲ್ಲ. ಅದು ಮನುಷ್ಯನ ನಗೆಯಲ್ಲಿ, ಯೋಜನೆಯಲ್ಲಿ, ಉದ್ದೇಶದಲ್ಲಿ ಅಡಗಿದ ಕೇಡನ್ನು ಹೇಳುತ್ತದೆ. ‘ದುರುದ್ದೇಶದ’, ‘ಕೇಡಿಗತನದ’ ಎಂಬ ಮಾತುಗಳು ಅದಕ್ಕೆ ಹೊಂದುತ್ತವೆ. ಎಡಗೈಯಲ್ಲಿ ಬರೆಯುವ ಮಕ್ಕಳ ಬೆರಳಿಗೆ ಹೊಡೆದು ಬಲಗೈಗೆ ತಿದ್ದಿದ ಶಾಲೆಗಳು ಇಂಗ್ಲೆಂಡಿನಲ್ಲೂ ಇದ್ದವು, ಇಲ್ಲಿಯೂ ಇದ್ದವು. ಆ ಮಕ್ಕಳ ಕಣ್ಣೀರಿನಲ್ಲಿ ಇಂಥ ಪದಗಳ ಪಾಲೂ ಇದೆ.

ಹಕ್ಕಿಯನ್ನು ಬಿಟ್ಟರೆ ನಕ್ಷತ್ರ. ‘ಡಿಸಾಸ್ಟರ್’ ಇಟಲಿಯ ಭಾಷೆಯಿಂದ ಫ್ರೆಂಚ್ ಮೂಲಕ ಹದಿನಾರನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದ ಪದ. ಅದರ ಕೊನೆಯಲ್ಲಿ ಇರುವುದು ನಕ್ಷತ್ರವಾಚಿ, ಮೊದಲಲ್ಲಿರುವುದು ಕೆಟ್ಟದೆಂಬ ಉಪಸರ್ಗ. ನಾವು ‘ಅಯ್ಯೋ ನನ್ನ ಗ್ರಹಚಾರ’ ಎನ್ನುವಾಗ ಮಾಡುವುದೂ ಇದನ್ನೇ. ಗ್ರಹಗಳ ಸಂಚಾರ ಎಂಬಷ್ಟೇ ಅರ್ಥದ ಪದ ಕನ್ನಡದಲ್ಲಿ ಕೇಡಿನ ಇನ್ನೊಂದು ಹೆಸರಾಗಿದೆ. ‘ಡಿಸ್ಮಲ್’ ಎಂಬುದು ಲ್ಯಾಟಿನ್ನಿನ ಕೆಟ್ಟ ದಿನಗಳು ಎಂಬ ಪದಪುಂಜದಿಂದ ಬಂದದ್ದು. ಮಧ್ಯಯುಗದ ಯುರೋಪಿನ ಪಂಚಾಂಗಗಳಲ್ಲಿ ತಿಂಗಳಿಗೆ ಎರಡರಂತೆ ವರ್ಷಕ್ಕೆ 24 ಅಶುಭ ದಿನಗಳನ್ನು ಗುರುತಿಸಿರುತ್ತಿದ್ದರು. ಪದದೊಳಗೇ ದಿನ ಇರುವುದು ಮರೆತುಹೋಗಿ, ಜನ ಅದರ ಮುಂದೆ ಮತ್ತೊಮ್ಮೆ ದಿನ ಎಂದು ಸೇರಿಸಿ ಹೇಳತೊಡಗಿದರು. ಇವೆರಡರಲ್ಲೂ ಈಗ ಶಕುನದ ಲೇಶವೂ ಉಳಿದಿಲ್ಲ. ಒಂದು ನಡೆದುಹೋದ ವಿಪತ್ತು, ಇನ್ನೊಂದು ಕಳೆಗುಂದಿದ ಸ್ಥಿತಿ.

‘ಪೋರ್ಟೆಂಟ್’ ತೂಕದ ಪದ. ಧೂಮಕೇತು, ಗ್ರಹಣ, ಭೂಕಂಪದಂಥ ದೊಡ್ಡ ಗುರುತುಗಳಿಗೆ ಅದು ಸಲ್ಲುತ್ತದೆ, ಬೆಕ್ಕು ಅಡ್ಡ ಹೋದದ್ದಕ್ಕಲ್ಲ. ಇದಕ್ಕೆ ಕನ್ನಡದಲ್ಲಿ ‘ಉತ್ಪಾತ’ ಎಂಬ ಸಮತೂಕದ ಪದ ಸಿದ್ಧವಾಗಿದೆ. ವರಾಹಮಿಹಿರ ಉತ್ಪಾತಗಳನ್ನು ದಿವ್ಯ, ಅಂತರಿಕ್ಷ, ಭೌಮ ಎಂದು ಮೂರು ಬಗೆಯಾಗಿ ವಿಂಗಡಿಸಿದ್ದಾನೆ. ಹಳಗನ್ನಡ, ನಡುಗನ್ನಡ ಕಾವ್ಯಗಳನ್ನು ಓದಿದವರಿಗೆ ಈ ಪದ ಅಪರಿಚಿತವಲ್ಲ. ಹೊಸ ಪತ್ರಿಕಾಭಾಷೆ ಅದನ್ನು ಯಾಕೆ ಬಿಟ್ಟುಕೊಟ್ಟಿತೋ ತಿಳಿಯದು.

‘ಹಾರ್ಬಿಂಜರ್’ ಹುಟ್ಟಿದ್ದು ಆಕಾಶದಲ್ಲಲ್ಲ, ವಸತಿಗೃಹದಲ್ಲಿ. ಹಳೆಯ ಫ್ರೆಂಚಿನಲ್ಲಿ ಅದು ತಂಗಲು ಎಡೆ ಕೊಡುವವನ ಹೆಸರು. ಆಮೇಲೆ ದೊರೆಯೋ ಸೈನ್ಯವೋ ಬರುವ ಮೊದಲೇ ಊರಿಗೆ ಹೋಗಿ ಬಿಡಾರ ಗೊತ್ತುಮಾಡುವವನ ಹೆಸರಾಯಿತು. ಅವನು ಬಂದನೆಂದರೆ ದೊರೆ ಹಿಂದೆಯೇ ಇದ್ದಾನೆಂದು ಅರ್ಥ. ಆದ್ದರಿಂದ ವಸಂತದ ಹಾರ್ಬಿಂಜರ್ ಉಂಟು, ಸರ್ವನಾಶದ ಹಾರ್ಬಿಂಜರ್ ಕೂಡ ಉಂಟು. ಮುದ್ದಣನನ್ನು ಹೊಸಗನ್ನಡದ ‘ಮುಂಗೋಳಿ’ ಎಂದು ಕರೆದ ಹಿರಿಯರು ಈ ಇಂಗ್ಲಿಷ್ ಪದಕ್ಕೆ ನಾವು ಬಯಸಬಹುದಾದ ಅತ್ಯುತ್ತಮ ಕನ್ನಡವನ್ನು ಆಗಲೇ ಕೊಟ್ಟಿದ್ದಾರೆ. ಮೊದಲ ಕೋಳಿ ಕೂಗಿದರೆ ಬೆಳಗು ಬಂದಂತೆ. ಕೆಟ್ಟದರ ಸಂದರ್ಭದಲ್ಲಿ ‘ಮುಂಗುರುತು’ ಎಂದರೆ ಸಾಕು.

ಇನ್ನು ಒಳಗಿನ ಕಳವಳದ ಪದಗಳು. ಇಲ್ಲಿ ಇಂಗ್ಲಿಷ್ ಬಹಳ ಸೂಕ್ಷ್ಮವಾಗಿದೆ, ಇಲ್ಲಿಯೇ ನಮ್ಮ ಪಟ್ಟಿಗಳು ಅತಿ ಒರಟಾಗಿವೆ. ‘ಫೋರ್‌ಬೋಡಿಂಗ್’ ಲ್ಯಾಟಿನ್ನಿನದಲ್ಲ, ಇಂಗ್ಲಿಷಿನ ಸ್ವಂತದ್ದು. ಹಳೆಯ ಇಂಗ್ಲಿಷಿನಲ್ಲಿ ‘ಬೋಡಾ’ ಎಂದರೆ ದೂತ. ಮನಸ್ಸಿಗೆ ದೂತ ಬಂದು ಬಾಗಿಲಲ್ಲಿ ನಿಂತಿದ್ದಾನೆ, ಸುದ್ದಿಯನ್ನು ಇನ್ನೂ ಹೇಳಿಲ್ಲ. ಏನು, ಯಾವಾಗ, ಯಾರಿಗೆ ಎಂಬುದು ತಿಳಿಯದ ಭಾರ ಅದು. ನಮ್ಮ ಮನೆಗಳಲ್ಲಿ ಹೆಂಗಸರು ‘ಯಾಕೋ ಮನಸ್ಸಿಗೆ ಸರಿ ಬರುತ್ತಿಲ್ಲ’, ‘ಬೆಳಗಿನಿಂದ ಎದೆ ಡವಗುಟ್ಟುತ್ತಿದೆ’, ‘ಏನೋ ಕೇಡು ಕಾದಿದೆ ಅನ್ನಿಸುತ್ತದೆ’ ಎಂದು ಹೇಳುವುದು ಈ ಭಾವವನ್ನೇ. ‘ಪ್ರೆಮನಿಷನ್’ನಲ್ಲಿ ಸುದ್ದಿಯೂ ಇರುತ್ತದೆ. ಇಂಥವರಿಗೆ ಹೀಗಾಗುತ್ತದೆ ಎಂದು ಕನಸಿನಲ್ಲೋ ಎಚ್ಚರದಲ್ಲೋ ಕಂಡಂತಾಗುವುದು ಅದು. ಅದರ ಮೂಲ ಧಾತುವಿಗೆ ಎಚ್ಚರಿಸು ಎಂಬ ಅರ್ಥ; ಅದೇ ಧಾತುವಿನಿಂದ ‘ಮಾನ್‌ಸ್ಟರ್’ ಕೂಡ ಬಂದಿದೆ, ಏಕೆಂದರೆ ವಿಕಾರವಾಗಿ ಹುಟ್ಟಿದ ಕರುವನ್ನೋ ಮಗುವನ್ನೋ ರೋಮನ್ನರು ದೇವತೆಗಳು ಕಳಿಸಿದ ಎಚ್ಚರಿಕೆ ಎಂದು ಓದುತ್ತಿದ್ದರು. ‘ಪ್ರೆಸೆಂಟಿಮೆಂಟ್’ ಇವೆರಡರ ನಡುವಿನದು, ಈಗ ಬಹುಮಟ್ಟಿಗೆ ಪುಸ್ತಕದ ಪದ. ‘ಮಿಸ್‌ಗಿವಿಂಗ್’ ಎಂಬುದೋ ನಾವೇ ಮಾಡಹೊರಟ ಕೆಲಸದ ಬಗ್ಗೆ ಹುಟ್ಟುವ ಅಳುಕು, ಸಹಿ ಹಾಕುವ ಮುನ್ನ ಪೆನ್ನು ತಡೆಯುವಂಥದ್ದು. ಈ ನಾಲ್ಕರಲ್ಲಿ ಒಂದಕ್ಕೂ ‘ಅಪಶಕುನ’ ಎಂಬ ಪದ ಹತ್ತಿರವೂ ಸುಳಿಯುವುದಿಲ್ಲ. ಶಕುನ ಹೊರಗೆ ಕಾಣಬೇಕು, ಇವು ಒಳಗೆ ಅನ್ನಿಸುವಂಥವು.

ಮನಸ್ಸಿನೊಳಗಿನ ಕಳವಳಕ್ಕೂ ಆಧಾರವಿರುವ ಎಚ್ಚರಿಕೆಗೂ ಇರುವ ಅಂತರ ಎಷ್ಟು ದೊಡ್ಡದೆಂಬುದನ್ನು ವೇಲ್ಸ್‌ನ ಅಬರ್‌ವಾನ್ ಎಂಬ ಗಣಿಹಳ್ಳಿಯ ದುರಂತದಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ನಿದರ್ಶನ ನನಗೆ ಗೊತ್ತಿಲ್ಲ. 1966ರ ಅಕ್ಟೋಬರ್ 21ರ ಶುಕ್ರವಾರ ಬೆಳಗ್ಗೆ, ಊರಿನ ಮೇಲಿನ ಗುಡ್ಡದಲ್ಲಿ ಕಲ್ಲಿದ್ದಲು ಗಣಿಯವರು ಸುರಿದಿದ್ದ ತ್ಯಾಜ್ಯದ ರಾಶಿ ಕುಸಿದು ಪ್ರಾಥಮಿಕ ಶಾಲೆಯ ಮೇಲೆ ಬಂತು. 144 ಮಂದಿ ಸತ್ತರು, ಅವರಲ್ಲಿ 116 ಮಂದಿ ಮಕ್ಕಳು. ಜಾನ್ ಬಾರ್ಕರ್ ಎಂಬ ಮನೋವೈದ್ಯ ಲಂಡನ್ನಿನ ಈವ್ನಿಂಗ್ ಸ್ಟ್ಯಾಂಡರ್ಡ್ ಪತ್ರಿಕೆಯ ಮೂಲಕ, ಈ ದುರಂತ ಮೊದಲೇ ಅರಿವಿಗೆ ಬಂದವರು ಯಾರಾದರೂ ಇದ್ದರೆ ಬರೆಯಿರಿ ಎಂದು ಓದುಗರನ್ನು ಕೇಳಿಕೊಂಡ. 76 ಉತ್ತರಗಳು ಬಂದವು. ಮುಂದಿನ ವರ್ಷ ಇಂಥ ಪ್ರೆಮನಿಷನ್‌ಗಳನ್ನು ದಾಖಲಿಸುವುದಕ್ಕಾಗಿಯೇ ಒಂದು ಕಚೇರಿಯನ್ನು ಅದೇ ಪತ್ರಿಕೆಯ ನೆರವಿನಿಂದ ತೆರೆಯಲಾಯಿತು. ಕನಸು ಕಂಡವರ ನೋವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ರಾಶಿಯನ್ನು ಗುಡ್ಡದ ನೀರಿನ ಒರತೆಯ ಮೇಲೆ ಸುರಿಯಲಾಗಿತ್ತು, ಅದು ಅದಕ್ಕೆ ಮೊದಲೂ ಜಾರಿತ್ತು, ಶಾಲೆಯ ಹಿಂದೆ ಗಣಿತ್ಯಾಜ್ಯ ಸುರಿಯುವುದರ ಅಪಾಯದ ಬಗ್ಗೆ 1963ರಲ್ಲಿಯೇ ಸ್ಥಳೀಯ ಆಡಳಿತದ ಎಂಜಿನಿಯರುಗಳು ಪತ್ರ ಬರೆದಿದ್ದರು. ವಿಚಾರಣಾ ನ್ಯಾಯಮಂಡಲಿ 1967ರ ವರದಿಯಲ್ಲಿ ಹೊಣೆಯನ್ನು ರಾಷ್ಟ್ರೀಯ ಕಲ್ಲಿದ್ದಲು ಮಂಡಲಿಯ ಮೇಲೆ ಹೊರಿಸಿತು. 76 ಪತ್ರಗಳು ಹೇಳಿದ್ದು ಪ್ರೆಮನಿಷನ್; ಎಂಜಿನಿಯರುಗಳ ಪತ್ರ ಹೇಳಿದ್ದು ವಾರ್ನಿಂಗ್. ಎರಡನ್ನೂ ‘ಮುನ್ಸೂಚನೆ’ ಎಂದೋ, ಇನ್ನೂ ಕೆಟ್ಟದಾಗಿ ‘ಅಪಶಕುನ’ ಎಂದೋ ಬರೆದರೆ ಹೊಣೆಗಾರರೆಲ್ಲ ಆ ಪದದ ಮರೆಯಲ್ಲಿ ಅಡಗಿಕೊಳ್ಳುತ್ತಾರೆ. ಎಚ್ಚರಿಕೆ ಎಂದು ಬರೆದ ಕೂಡಲೇ ಓದುಗ ಕೇಳುತ್ತಾನೆ: ಯಾರು ಎಚ್ಚರಿಸಿದರು, ಯಾವತ್ತು, ಯಾರಿಗೆ, ಕೇಳಿಸಿಕೊಂಡವರು ಏನು ಮಾಡಿದರು? ಅಪಶಕುನ ಎಂದರೆ ಅವನು ಕೇಳುವುದಿಲ್ಲ, ನಿಟ್ಟುಸಿರು ಬಿಟ್ಟು ಪುಟ ತಿರುಗಿಸುತ್ತಾನೆ.

ಅದೇ ಬ್ರಿಟನ್ನಿನ ಗಣಿಗಳಲ್ಲಿ ಇನ್ನೊಂದು ಹಕ್ಕಿಯೂ ಇತ್ತು. ಸ್ಫೋಟವಾದ ಗಣಿಗಳಲ್ಲಿ ಕಾರ್ಮಿಕರು ಹೇಗೆ ಸಾಯುತ್ತಾರೆಂಬುದನ್ನು 1890ರ ದಶಕದಲ್ಲಿ ಅಧ್ಯಯನ ಮಾಡಿದ ವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್, ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಅನಿಲವನ್ನು ಪತ್ತೆ ಮಾಡಲು ಸಣ್ಣ ಪ್ರಾಣಿಗಳನ್ನು ಒಯ್ಯಿರಿ ಎಂದ. ಅವುಗಳ ಉಸಿರಾಟ ಬಹಳ ಚುರುಕಾದ್ದರಿಂದ ಮನುಷ್ಯನಿಗಿಂತ ಮೊದಲೇ ಅವುಗಳಿಗೆ ವಿಷ ತಟ್ಟುತ್ತದೆ. ಹಾಗೆ ಕ್ಯಾನರಿ ಹಕ್ಕಿಗಳು ಗಣಿಗೆ ಇಳಿದವು. 1986ರಲ್ಲಿ ಯಂತ್ರಗಳು ಬಂದು ಅವುಗಳಿಗೆ ಬಿಡುಗಡೆ ಸಿಕ್ಕಿತು. ಹಕ್ಕಿ ಕಂಬಿಯಿಂದ ಕೆಳಗೆ ಬಿದ್ದರೆ ಗಣಿಯವರು ಓಡಿ ಹೊರಗೆ ಬರುತ್ತಿದ್ದರು. ರೋಮಿನ ಆಗರ್ ಕೂಡ ಹಕ್ಕಿಯನ್ನೇ ನೋಡಿದ, ಗಣಿಯವನೂ ಹಕ್ಕಿಯನ್ನೇ ನೋಡಿದ. ಎರಡನೆಯವನಿಗೆ ಮಾತ್ರ ಹಕ್ಕಿಗೂ ಅಪಾಯಕ್ಕೂ ನಡುವಿನ ಕಾರಣ ಗೊತ್ತಿತ್ತು. ‘ಗಣಿಯೊಳಗಿನ ಕ್ಯಾನರಿ’ ಎಂಬ ಇಂಗ್ಲಿಷ್ ನುಡಿಗಟ್ಟನ್ನು ಹವಾಮಾನ ಬದಲಾವಣೆಯ ಲೇಖನಗಳಲ್ಲಿ ದಯಮಾಡಿ ಶಕುನದ ಹಕ್ಕಿ ಎಂದು ಅನುವಾದಿಸಬೇಡಿ. ಹವಳದ ದಿಬ್ಬಗಳು ಬಿಳುಚಿಕೊಳ್ಳುವುದು ಶಕುನವಲ್ಲ, ಕಡಲ ನೀರು ಬಿಸಿಯಾಗಿರುವುದರ ನೇರ ಪರಿಣಾಮ.

ನಮ್ಮ ನಾಡಿನಲ್ಲಿ ಈ ಮಾತಿಗೆ ಇನ್ನಷ್ಟು ತುರ್ತು ಇದೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದವು, 2024ರ ಜುಲೈನಲ್ಲಿ ಉತ್ತರ ಕನ್ನಡದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಂತು. ನೆಲ ಬಿರುಕು ಬಿಡುವುದು, ಮರಗಳು ಒಂದೇ ಕಡೆಗೆ ವಾಲುವುದು, ತಿಳಿಯಾಗಿದ್ದ ಒರತೆಯ ನೀರು ಇದ್ದಕ್ಕಿದ್ದಂತೆ ಕೆಸರಾಗುವುದು ಕುಸಿತದ ಲಕ್ಷಣಗಳು. ಲಕ್ಷಣ ಎಂಬ ಪದವನ್ನು ವೈದ್ಯರು ಬಳಸುವ ಅರ್ಥದಲ್ಲಿ ಬಳಸುತ್ತಿದ್ದೇನೆ. ಇಂಥ ಕಡೆ ‘ಪ್ರಕೃತಿ ಮುನಿಯಿತು’ ಎಂದು ಬರೆಯುವ ರೂಢಿಯನ್ನೂ ಬಿಟ್ಟರೆ ಒಳ್ಳೆಯದು. ಇಂಗ್ಲಿಷರ ಡಿಸಾಸ್ಟರ್ ನಕ್ಷತ್ರದ ಮೇಲೆ ತಪ್ಪು ಹೊರಿಸಿತು, ನಮ್ಮ ‘ವಿಕೋಪ’ ಪ್ರಕೃತಿಯ ಕೋಪದ ಮೇಲೆ ಹೊರಿಸುತ್ತದೆ. ಸರ್ಕಾರಿ ಕಡತಗಳಲ್ಲಿ ಬಳಕೆಗೆ ಬಂದಿರುವ ‘ವಿಪತ್ತು’ ಇವೆರಡಕ್ಕಿಂತ ನಿಷ್ಪಕ್ಷಪಾತವಾದ ಪದ.

ಇನ್ನೊಂದು ಕಾರಣವೂ ಇದೆ, ಅದನ್ನು ಹೇಳುವಾಗ ನನ್ನ ಮನಸ್ಸು ಭಾರವಾಗುತ್ತದೆ. ಕನ್ನಡದಲ್ಲಿ ‘ಅಪಶಕುನ’ ಎಂಬುದು ಮೋಡಕ್ಕೂ ಹಕ್ಕಿಗೂ ಮಾತ್ರ ಹೇಳಿದ ಪದವಲ್ಲ. ಗಂಡನನ್ನು ಕಳೆದುಕೊಂಡ ಹೆಂಗಸು ಎದುರಿಗೆ ಬಂದರೆ ಅಪಶಕುನ ಎಂದು ಬಾಗಿಲು ಮುಚ್ಚಿದ ಮನೆಗಳು ಇಲ್ಲಿದ್ದವು. ಮಗಳ ಮದುವೆಯ ಮಂಟಪದಲ್ಲಿ ತಾಯಿಯೇ ಕಂಬದ ಮರೆಯಲ್ಲಿ ನಿಂತದ್ದನ್ನು ಕಂಡವರು ನಮ್ಮಲ್ಲಿ ಇನ್ನೂ ಇದ್ದಾರೆ. ಇಂಗ್ಲಿಷಿನ ‘ಆಮಿನಸ್’ ಪದಕ್ಕೆ ದಾರಿಯಲ್ಲಿ ಎದುರಾದ ವಿಧವೆಯನ್ನು ನೋಯಿಸಿದ ಇತಿಹಾಸವಿಲ್ಲ. ಷೇರುಪೇಟೆಯ ಸುದ್ದಿಗೋ ಕ್ರಿಕೆಟ್ ತಂಡದ ಆರಂಭಿಕ ಆಟಗಾರ ಬೇಗ ಔಟಾದದ್ದಕ್ಕೋ ಅಪಶಕುನ ಎಂಬ ಪದವನ್ನು ದಿನದಿನವೂ ಬಳಸುತ್ತ ಹೋದಂತೆ, ಆ ಪದದ ಹಿಂದಿನ ನಂಬಿಕೆಗೆ ನಾವು ನಿತ್ಯ ನೀರೆರೆಯುತ್ತೇವೆ. ಶಕುನ ನಂಬುವ ಪಾತ್ರವೊಂದರ ಬಗ್ಗೆ ಬರೆಯುವಾಗ, ಪುರಾಣದ ಪ್ರಸಂಗವನ್ನು ಹೇಳುವಾಗ ಅದು ಇರಲಿ. ಬೇರೆ ಕಡೆ ‘ಆತಂಕಕಾರಿ’, ‘ಕೇಡಿನ ಸೂಚನೆ’, ‘ಅಪಾಯದ ಲಕ್ಷಣ’ ಎಂಬ ಪದಗಳು ನಮ್ಮ ಕೈಯಲ್ಲೇ ಇವೆ. ‘ಆಮಿನಸ್’ ಮೌನವನ್ನು ‘ಅಪಶಕುನದ ಮೌನ’ ಎಂದು ಬರೆದದ್ದನ್ನು ಓದಿದ್ದೇನೆ. ‘ಏನೋ ಆಗಲಿದೆ ಎನ್ನಿಸುವಂಥ ಮೌನ’ ಎಂದಿದ್ದರೆ ಓದುಗನ ಮೈ ನಿಜವಾಗಿ ಜುಮ್ಮೆನ್ನುತ್ತಿತ್ತು.

ನನ್ನ ಕೋರಿಕೆ ದೊಡ್ಡದೇನಲ್ಲ. ಪರೀಕ್ಷಾ ಪುಟದಲ್ಲಿ ಒಮ್ಮೆಗೆ ಹತ್ತು ಪದಗಳ ಬದಲು ಮೂರೇ ಪದಗಳನ್ನು ಕೊಡಿ, ಪ್ರತಿಯೊಂದರ ಜೊತೆ ಒಂದು ಪೂರ್ಣ ವಾಕ್ಯ ಇರಲಿ, ಅದು ಒಳ್ಳೆಯದಕ್ಕೂ ಸಲ್ಲುತ್ತದೆಯೋ ಕೆಟ್ಟದಕ್ಕೆ ಮಾತ್ರವೋ, ಹೊರಗೆ ಕಂಡದ್ದೋ ಒಳಗೆ ಅನ್ನಿಸಿದ್ದೋ ಎಂಬುದನ್ನು ಎರಡು ಮಾತಿನಲ್ಲಿ ತಿಳಿಸಿ. ಕಿಟೆಲ್ 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ಕನ್ನಡ-ಇಂಗ್ಲಿಷ್ ನಿಘಂಟಿನಿಂದ ಮೊದಲುಗೊಂಡು, ಪ್ರೊ. ಜಿ. ವೆಂಕಟಸುಬ್ಬಯ್ಯನವರು ದಿನಪತ್ರಿಕೆಯ ಅಂಕಣದಲ್ಲಿ ವರ್ಷಗಟ್ಟಲೆ ಓದುಗರ ಪದಸಂಶಯಗಳನ್ನು ಬಿಡಿಸಿದ ಕಾಲದವರೆಗೆ, ಈ ನಾಡಿನಲ್ಲಿ ಪದಗಳನ್ನು ತೂಗಿ ನೋಡುವ ಪರಂಪರೆಯೊಂದಿದೆ, ಅದನ್ನು ಬೆಳೆಸಿದ್ದರಲ್ಲಿ ಪತ್ರಿಕೆಗಳ ಪಾಲೂ ಇದೆ. ಸುದ್ದಿಮನೆಯ ಅನುವಾದಕರಿಗೆ ವೇಳೆಯ ಒತ್ತಡ ಎಷ್ಟಿರುತ್ತದೆಂದು ಬಲ್ಲೆ. ಈ ಹದಿನೈದಿಪ್ಪತ್ತು ಪದಗಳಿಗೆ ಸಂದರ್ಭಕ್ಕೆ ತಕ್ಕ ಕನ್ನಡವನ್ನು ಒಂದು ಹಾಳೆಯಲ್ಲಿ ಬರೆದು ಮೇಜಿನ ಮೇಲೆ ಇಟ್ಟುಕೊಂಡರೆ ಅವರ ಕೆಲಸವೂ ಹಗುರವಾದೀತು. ಅಂಥ ಹಾಳೆಯೊಂದನ್ನು ಸಿದ್ಧಪಡಿಸಿ, ಪ್ರತಿ ಪದಕ್ಕೂ ಉದಾಹರಣೆ ಸೇರಿಸಿ, ಈ ಪತ್ರದ ಜೊತೆ ಲಗತ್ತಿಸಿದ್ದೇನೆ. ತಾವು ಒಪ್ಪಿದರೆ ಅದನ್ನು ಪರೀಕ್ಷಾ ಪುಟದಲ್ಲಿ ಕಂತುಗಳಾಗಿ ಪ್ರಕಟಿಸಬಹುದು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಇಂಗ್ಲಿಷ್ ಅಧ್ಯಾಪಕ, ಶಿವಮೊಗ್ಗ